ಕುಕ್ಕಿದ್ದು ಎಲ್ಲೈತಿ?

ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ನಾನು ಗಬ್ಬೂರ ಕಡೆ ಪಶುವೈದ್ಯೆಯಾಗಿದ್ದೆ. ಎಮ್ಮೆ, ಎತ್ತು, ನಾಯಿ ಎಲ್ಲ ನೋಡಿದ್ದೇನೆ. ಆದರೆ ನೆನೆದರೆ ಇಂದಿಗೂ ಮೈ ಉರಿಯುವುದು ಒಂದು ಕೋಳಿಯ ಪ್ರಕರಣಕ್ಕೆ.

ಒಂದು ಬೆಳಿಗ್ಗೆ ಗಂಗವ್ವ ಎಂಬಾಕೆ ಜವಾರಿ ಕೋಳಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅದರ ಹೆಸರು ಚುಕ್ಕಿ. ಹಿಂದಲೆಯ ಚರ್ಮವೇ ಕಿತ್ತುಹೋಗಿತ್ತು. ಕರೆತಂದ ಗಂಡ ಶಿವಪ್ಪ ಬೈಕಿನಿಂದ ಇಳಿಯಲೂ ಇಲ್ಲ.

"ಸುಮ್ನ ಯಾಕ ತ್ರಾಸ ತಗೋತೀರಿ ಮೇಡಂ? ಐತವಾರ ಸಾರು ಮಾಡಿ ಮುಗಸ್ತೇವಿ," ಎಂದ.

"ನಮ್ಮವ್ವ ಕೊಟ್ಟ ಕೋಳಿರೀ. ನಮ್ಮನ್ಯಾಗ ಕಾವಿಗೆ ಕೂಡೂದು ಇದೊಂದ. ಉಳಿಸಿ ಕೊಡ್ರಿ," ಎಂದು ಗಂಗವ್ವ ಕಣ್ಣೊರೆಸಿಕೊಂಡಳು.

ಗಾಯ ತೊಳೆದು ಮುಲಾಮು ಹಚ್ಚಿ, ಅವರ ಹಿತ್ತಲಿಗೇ ಹೋದೆ. ಶಿವಪ್ಪ ಧಾರವಾಡದಿಂದ ತಂದ ದಪ್ಪ ಬಿಳಿ ಕೋಳಿ 'ರಾಣಿ', ಇದ್ದೊಂದು ಕಾಳಿನ ತಟ್ಟೆಯ ಮುಂದೆ ನಿಂತು ಯಾವುದನ್ನೂ ಹತ್ತಿರ ಬಿಡುತ್ತಿರಲಿಲ್ಲ. ಪ್ರತಿ ಸಲ ಅದು ಕುಕ್ಕಿದಾಗ ಇವರು ಚುಕ್ಕಿಯನ್ನು ಬುಟ್ಟಿಯಡಿ ಕತ್ತಲಲ್ಲಿ ಮುಚ್ಚಿಡುತ್ತಿದ್ದರು. ಗಾಯ ಒಣಗುವ ಮೊದಲೇ ಹೊರಗೆ ಬಿಡುತ್ತಿದ್ದರು. ಮತ್ತೆ ರಕ್ತ.

ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗೆ ಎಂಬ ಸಾಲು ಇರುತ್ತದೆ. ಅದಕ್ಕೆ ನಾವು 'ಪೆಕಿಂಗ್ ಆರ್ಡರ್' ಎನ್ನುತ್ತೇವೆ. ಕೆಲವು ದಿನ ಕಣ್ಮರೆಯಾದ ಕೋಳಿ ತನ್ನ ಜಾಗ ಕಳೆದುಕೊಳ್ಳುತ್ತದೆ, ಮರಳಿದಾಗ ಪರಕೀಯವಾಗುತ್ತದೆ. ಅದರಲ್ಲೂ ಹಸಿ ಗಾಯ ಕಂಡರೆ ಉಳಿದವೂ ಮೇಲೆ ಬೀಳುತ್ತವೆ.

"ಚುಕ್ಕಿನ್ನ ಗಾಯ ಮಾಯೂತನಕ ಅಡ್ಡ ಜಾಳಿಗೆ ಕಟ್ಟಿ ಇಲ್ಲೇ ಬ್ಯಾರೆ ಇಡ್ರಿ, ಎಲ್ಲಾ ಕೋಳಿಗೂ ಕಾಣ್ತಿರಬೇಕು. ಬುಟ್ಟಿಯಡಿ ರಾಣಿನ್ನ ಹಾಕ್ರಿ. ಕಾಳಿಗೆ ಇನ್ನೊಂದು ತಟ್ಟಿ ಇಡ್ರಿ," ಎಂದೆ.

"ರಾಣಿನ್ನ ಯಾಕ್ರೀ? ಅದು ಛಲೋ ತತ್ತಿ ಇಡ್ತೈತಿ. ಚುಕ್ಕಿಗೇ ಹೊಂದ್ಕೊಂಡು ಹೋಗಾಕ ಬರೂದಿಲ್ಲ," ಎಂದ ಶಿವಪ್ಪ.

ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ ಹೊಂದ್ಕೊಳ್ಳೂದು? ತಲಿ ಚರ್ಮ ಸುಲಿಸ್ಕೊಂಡು ಹೊಂದ್ಕೋಬೇಕಾ? ಕುಕ್ಕಿದಾಕಿ ಹೊರಗ ಮೆರೀಬೇಕು, ಕುಕ್ಕಿಸ್ಕೊಂಡಾಕಿ ಕತ್ತಲದಾಗ ಕೂಡಬೇಕು, ಇದ್ಯಾವ ನ್ಯಾಯ?" ಗೋಡೆಯಾಚೆಯಿಂದ ನೆರೆಯವರು ಇಣುಕಿದರು. ಇಣುಕಲಿ, ನನಗೇನು!

ಅಷ್ಟರಲ್ಲಿ ಗಂಗವ್ವ ರಾಣಿಯನ್ನು ಹಿಡಿದು ಬುಟ್ಟಿಯಡಿ ಹಾಕಿ, ಮೇಲೊಂದು ಕಲ್ಲಿಟ್ಟಳು. "ಐತವಾರದ ಸಾರಿಗೆ ಬದನಿಕಾಯಿ ತರ್ರಿ," ಎಂದು ಗಂಡನಿಗೆ ಹೇಳಿ ಕೈ ಝಾಡಿಸಿದಳು.

ಚುಕ್ಕಿಯ ಗಾಯ ಮಾಯಿತು. ಜಾಳಿಗೆ ತೆಗೆದಾಗ ಉಳಿದ ಕೋಳಿಗಳು ಅದರ ಕಡೆ ತಿರುಗಿಯೂ ನೋಡಲಿಲ್ಲವಂತೆ. ರಾಣಿಯನ್ನು ಹೊರಬಿಟ್ಟ ದಿನ ಶಿವಪ್ಪನ ಫೋನು ಬಂತು.

"ಮೇಡಂ, ನಮ್ಮ ರಾಣಿಗೆ ಎಲ್ಲಾವೂ ಕೂಡಿ ಕುಕ್ಕಾಕತ್ತಾವ್ರಿ! ಲಗೂ ಬರ್ರಿ!"

"ರಕ್ತ ಬಂದೈತೇನು?"

"ಇಲ್ರೀ, ಆದ್ರ ಪಾಪ..."

ಹಿಂದಿನಿಂದ ಗಂಗವ್ವನ ದನಿ ಕೇಳಿಸಿತು: "ಹೊಂದ್ಕೊಂಡು ಹೋಗ್ಲಿ ಬಿಡ್ರಿ!"

ಮುಂದೆ ಚುಕ್ಕಿ ಕಾವಿಗೆ ಕೂತಿತು. ಅದರಡಿ ಇಟ್ಟ ತತ್ತಿಗಳಲ್ಲಿ ರಾಣಿಯವೂ ಇದ್ದವು.

ಈಗಲೂ ಗಾಯವಾದ ಕೋಳಿಯನ್ನು ಹಿಡಿದು ಯಾರಾದರೂ ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಅವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಕುಕ್ಕಿದ್ದು ಎಲ್ಲೈತಿ?" ಎಲ್ಲರೂ ಕುಕ್ಕಿದ ಕೋಳಿಯನ್ನು ಹಿತ್ತಲಲ್ಲಿ ಕಾಳು ತಿನ್ನಲು ಬಿಟ್ಟೇ ಬಂದಿರುತ್ತಾರೆ.