ಗ್ರಾಹಕ ಮಾವ

ಅಕ್ಕನ ಮಕ್ಕಳು ಅವರಿಗೆ ಗ್ರಾಹಕ ಮಾವ ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿ ಅಂಗಡಿ ಇಟ್ಟಿರಬೇಕು ಅಂದುಕೊಂಡವರುಂಟು; ಮಾವ ಇರುವುದು ಪ್ರಯೋಗಾಲಯದಲ್ಲಿ, ಅವರ ಗ್ರಾಹಕಗಳು, ಅಂದರೆ ರಿಸೆಪ್ಟರುಗಳು, ಇರುವುದು ರಕ್ತದ ಬಿಳಿ ಕಣಗಳಲ್ಲಿ. ಯಾರು ಕೈಗೆ ಸಿಕ್ಕರೂ ಬಿಡುವವರಲ್ಲ. ಕ್ಷೌರದವನು ಕತ್ತರಿ ಹಿಡಿದು "ಅಲ್ಲಾಡ್ಬೇಡಿ ಸಾರ್" ಎಂದು ಗೋಗರೆಯುತ್ತಿದ್ದರೂ ಪಾಠ ಶುರುವಾಗಿರುತ್ತದೆ: ವೈರಸ್ಸಿನ ಚೂರು ಸಿಕ್ಕರೆ ಈ ಗ್ರಾಹಕಗಳು ಗುರುತು ಹಿಡಿದು ದೇಹವನ್ನು ಎಚ್ಚರಿಸುತ್ತವೆ, ಲೂಪಸ್ ಕಾಯಿಲೆಯಲ್ಲಿ ನಮ್ಮದೇ ಸತ್ತ ಜೀವಕೋಶದ ಚೂರನ್ನೂ ವೈರಸ್ಸೆಂದು ತಿಳಿದುಬಿಡುತ್ತವೆ, ಆಗ ದೇಹ ತನ್ನ ಮೇಲೆ ತಾನೇ ಬೀಳುತ್ತದೆ. ಮದುವೆಯೂಟಗಳಲ್ಲಿ ಅವರ ಪಕ್ಕದ ಕುರ್ಚಿ ಖಾಲಿಯೇ. ಹೆಂಡತಿ ಕಣ್ಣು ಕೆಂಪಗೆ ಮಾಡಿದರೂ ಅರ್ಧಕ್ಕೆ ನಿಲ್ಲಿಸುವ ಜಾಯಮಾನ ಅವರದಲ್ಲ. ಭಾನುವಾರ ಮಾತ್ರ ಅವರ ಅಮ್ಮ ಕೇಳಲೆಂದೇ ಕಾದು ಕೂತಿರುತ್ತಾರೆ. ಮಾವನ ತಂಗಿ ಲೂಪಸ್‌ನಿಂದ ತೀರಿಕೊಂಡಾಗಿನಿಂದ ಅಮ್ಮನದು ಒಂದೇ ಪ್ರಶ್ನೆ: "ನಾನೆಲ್ಲಿ ತಪ್ಪು ಮಾಡ್ದೆ, ಮಗಾ?" ಮಾವ ಮೊದಲ ಸಲವೆಂಬಂತೆ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಒಂದು ವಿಷಯವನ್ನು ಮಾತ್ರ ಅಮ್ಮನ ಮುಂದೆ ನುಂಗಿಕೊಳ್ಳುತ್ತಾರೆ. ಬಿಸಿಲಿಗೆ ಚರ್ಮದ ಜೀವಕೋಶಗಳು ಸತ್ತು ಈ ಕಾಯಿಲೆ ಕೆರಳುವುದುಂಟು. ಕಾಯಿಲೆ ಏನೆಂದು ಗೊತ್ತಾಗುವ ಮೊದಲು, ಮಗಳು ಬಿಳಿಚಿಕೊಂಡಿದ್ದಾಳೆಂದು ಅಮ್ಮ ದಿನಾ ಅವಳನ್ನು ಮಹಡಿಯ ಮೇಲೆ ಎಳೆಬಿಸಿಲಲ್ಲಿ ಕೂರಿಸಿ ತಲೆ ಬಾಚುತ್ತಿದ್ದರು. "ಇಷ್ಟೇನಾ? ಇನ್ನೇನೂ ಇಲ್ವಾ?" ಎಂದು ಅಮ್ಮ ಈಗಲೂ ಮಗನ ಮುಖವನ್ನೇ ನೋಡುತ್ತಾರೆ. "ಇಷ್ಟೇ ಕಣಮ್ಮ" ಎನ್ನುತ್ತಾರೆ ಮಾವ.