ಕಲ್ಲಿನ ಕೆಳಗಿನ ಮಳೆ

ಫಸಲಿ ೧೩೫೨, ಅಂದರೆ ಈಗಿನ ಲೆಕ್ಕದಲ್ಲಿ ೧೯೪೩ರ ಬೇಸಿಗೆ. ನಿಜಾಮ ಸರ್ಕಾರದ ಬಾವಿಗಳ ಮಹಕಮೆಯಲ್ಲಿ ನಾನು ಓವರ್‌ಸಿಯರ್ ಆಗಿದ್ದೆ. ನೀರು ತಳ ಕಂಡ ಊರಬಾವಿಗಳನ್ನು ಇನ್ನಷ್ಟು ಆಳ ಮಾಡಿಸುವುದು ನನ್ನ ಕೆಲಸ. ಮೊದಲ ವರ್ಷಗಳನ್ನೆಲ್ಲ ನಾರಾಯಣಖೇಡ, ಜಹೀರಾಬಾದಿನ ಕಡೆ ಕಳೆದಿದ್ದೆ. ಆಗ ಅವೆರಡೂ ಬೀದರ ಜಿಲ್ಲೆಗೆ ಸೇರಿದ್ದವು. ಯುಗಾದಿ ಮುಗಿಯುತ್ತಲೇ ತಾಂಡೂರಿಗೆ ವರ್ಗವಾಯಿತು. ಜಹೀರಾಬಾದಿನಲ್ಲಿ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು, ವಾಡಿಯ ಕಡೆ ಹೋಗುವ ಗಾಡಿ ಹಿಡಿದು, ಕಿಟಕಿಗೆ ತಲೆ ಆನಿಸಿ ನೆಲವನ್ನೇ ನೋಡುತ್ತ ಬಂದೆ. ಕಂಡ ಜನರನ್ನು ಮರೆತುಬಿಡುತ್ತಿದ್ದ ನನಗೆ ಒಮ್ಮೆ ಕಂಡ ಮಣ್ಣು ಮಾತ್ರ ಮರೆಯುತ್ತಿರಲಿಲ್ಲ. ಕಚೇರಿಯಲ್ಲಿ ನನಗೆ ಹಗಲುಗನಸಿನ ಓವರ್‌ಸಿಯರ್ ಎಂದು ಹೆಸರಿಟ್ಟಿದ್ದರು. ನಾನೂ ಅದನ್ನು ಅಲ್ಲಗಳೆಯಲು ಹೋಗಲಿಲ್ಲ.

ಇಲ್ಲಿ ಎರಡು ಕಲ್ಲುಗಳ ವಿಷಯ ಹೇಳಬೇಕು. ನಾರಾಯಣಖೇಡದ ಕಡೆ ನೆಲದಡಿ ಇರುವುದು ಕರಿಕಲ್ಲು. ಬಹಳ ಹಿಂದೆ ಭೂಮಿಯೊಳಗಿಂದ ಕುದಿದು ಉಕ್ಕಿದ ಲಾವಾ ಪದರ ಪದರವಾಗಿ ಹರಡಿ, ಆರಿ, ಕಲ್ಲಾದದ್ದು. ಗಟ್ಟಿ ಪದರದ ಕೆಳಗೆ ಮೆತ್ತನೆಯದು, ಅದರ ಕೆಳಗೆ ಮತ್ತೆ ಗಟ್ಟಿ. ಮೆತ್ತನೆಯ ಪದರದಲ್ಲಿ ನೀರು ಅಡಗಿರುತ್ತದೆ. ಉಳಿ ಹೊಡೆಯುವಾಗ ಥಟ್ಟನೆ ಒಳಗೆ ಜಾರಿತೆಂದರೆ ಅಲ್ಲಿಯ ಕೆಲಸಗಾರರು ಬೀಡಿ ಹಚ್ಚಿ ನಗುತ್ತಿದ್ದರು, ನೀರು ಸಿಕ್ಕಿತೆಂದೇ ಅರ್ಥ. ತಾಂಡೂರಿನದು ಪರಸಿಕಲ್ಲು, ಸುಣ್ಣದ ಕಲ್ಲು. ಮನುಷ್ಯನೆಂಬ ಪ್ರಾಣಿ ಹುಟ್ಟುವುದಕ್ಕೆ ಎಷ್ಟೋ ಮೊದಲು ಇಲ್ಲೊಂದು ಸಮುದ್ರವಿತ್ತು. ಅದರ ತಳದಲ್ಲಿ ನುಣ್ಣನೆಯ ಕೆಸರು ಹಾಳೆಯ ಮೇಲೆ ಹಾಳೆಯಾಗಿ ಕೂತು, ಒತ್ತಿಕೊಂಡು, ಕಲ್ಲಾಯಿತು. ನಮ್ಮ ಮನೆಗಳ ಅಂಗಳಕ್ಕೆ ಹಾಸುವ ಬೂದುಬಣ್ಣದ ಪರಸಿ ಆ ಸಮುದ್ರದ ತಳವೇ.

ಪೆದ್ದೆಮುಲ್ ದಾರಿಯ ಒಂದು ಸಣ್ಣ ಊರಿನಿಂದ ಬಾವಿ ಆಳ ಮಾಡಿಸಲು ಅರ್ಜಿ ಬಂದಿತ್ತು. ನನ್ನ ಹಿಂದೆಯೇ ನಾರಾಯಣಖೇಡದಿಂದ ಮಲ್ಲಯ್ಯ ಮೇಸ್ತ್ರಿಯ ತಂಡವೂ ಬಂದಿತು. ಕಲ್ಲು ಕೊರೆಯುವುದರಲ್ಲಿ, ಮದ್ದು ತುಂಬಿ ಸಿಡಿಸುವುದರಲ್ಲಿ ಮಲ್ಲಯ್ಯನದು ಪಳಗಿದ ಕೈ. ಊರಲ್ಲಿ ಸಿಹಿನೀರಿನ ಬಾವಿ ಇದೊಂದೇ, ಉಳಿದವೆಲ್ಲ ಸವಳು. ಬಾವಿ ಇದ್ದದ್ದು ಗೌರಮ್ಮ ಎಂಬ ಹಿರಿಯ ಹೆಂಗಸಿನ ಹೊಲದಲ್ಲಿ. ಅವರ ಮಾವ ಕಟ್ಟಿಸಿದ ಮೆಟ್ಟಿಲುಬಾವಿ. ಊರವರೆಲ್ಲ ಅಲ್ಲೇ ಕೊಡ ತುಂಬುತ್ತಿದ್ದರು. ಬೇಸಿಗೆಯಲ್ಲಿ ನೀರು ಸಾಲದೆ ಹೆಂಗಸರು ಸರದಿ ಕಾಯಬೇಕಾಗುತ್ತಿತ್ತು. ಊರಿನ ಪಾಟೀಲ ಶರಣಪ್ಪನವರು ಗೌರಮ್ಮನನ್ನು ವರ್ಷವಿಡೀ ಬೇಡಿಕೊಂಡು ಮದ್ದು ಹಾರಿಸಲು ಒಪ್ಪಿಸಿದ್ದರು. ಆಕೆ ಒಪ್ಪಿದ್ದು ಅರೆಮನಸ್ಸಿನಿಂದ. ನನ್ನನ್ನು ಕಂಡ ಕೂಡಲೇ ಕೇಳಿದ್ದು ಒಂದೇ ಮಾತು.

"ಹೆಚ್ಚಿನ ನೀರ ಬರದಿದ್ರ ಬ್ಯಾಡರಿ ಸಾಹೇಬ್ರ. ಇದ್ದದ್ದು ಹೋಗಬಾರದು ನೋಡ್ರಿ."

ಹೋಗುವುದಿಲ್ಲ ಎಂದು ಧೈರ್ಯ ಹೇಳಿದೆ. ಅಲ್ಲಿಯವರೆಗೆ ನಾನು ಆಳ ಮಾಡಿಸಿದ ಅಷ್ಟು ಬಾವಿಗಳಲ್ಲಿ ಒಂದರಲ್ಲೂ ಹೋಗಿರಲಿಲ್ಲ.

ಮಲ್ಲಯ್ಯನ ತಂಡ ಆ ದಿನ ನೀರೆತ್ತಿ ಹಾಕಿ, ತಳದ ಪರಸಿಯಲ್ಲಿ ಮೊದಲ ತೂತು ಕೊರೆಯಿತು. ಸಂಜೆ ಹೊತ್ತಿಗೆ ಉದ್ದನೆಯ ಉಳಿ ಥಟ್ಟನೆ ಗೇಣುದ್ದ ಒಳಗೆ ಜಾರಿತು. ಮಲ್ಲಯ್ಯ ನನ್ನ ಕಡೆ ನೋಡಿ ನಕ್ಕು ಬೀಡಿ ಹಚ್ಚಿದ. ನಾನೂ ನಕ್ಕೆ. ಮರುದಿನ ಮದ್ದು ತುಂಬುವುದೆಂದು ಗೊತ್ತಾಯಿತು.

ಮದ್ದು ಹಾರಿಸುವ ಮೊದಲು ಗಂಗಿ ಪೂಜೆ ಆಗಬೇಕು, ಅದು ಊರ ಪದ್ಧತಿ. ಮುಂಜಾನೆ ಹೆಂಗಸರು ಆರತಿ ತಂದು, ತಳದಲ್ಲಿ ಕೂಡಿದ ನೀರಿಗೆ ಅರಿಸಿನ, ಕುಂಕುಮ ಹಾಕಿ ಮೇಲೆ ಹೋದರು. ನೀರು ಬರಿದು ಮಾಡುವವರು ಇನ್ನೂ ಬಂದಿರಲಿಲ್ಲ. ನಾನು ಕೊನೆಯ ಮೆಟ್ಟಿಲ ಮೇಲೆ ಕೂತೆ. ಬಾವಿಯ ದಡದ ಬೇವಿನಮರ ಹೂ ಬಿಟ್ಟಿತ್ತು. ಸಣ್ಣ ಬಿಳಿ ಹೂಗಳು ಒಂದೊಂದಾಗಿ ತಿರುಗುತ್ತ ಇಳಿದು ನೀರಿನ ಮೇಲೆ ಕೂರುತ್ತಿದ್ದವು. ಒಳಗೆ ತಂಪು, ಬೇವಿನ ಹೂವಿನ ಕಹಿಸಿಹಿ ವಾಸನೆ, ಮೇಲೆ ಎಲ್ಲೋ ದನದ ಕೊರಳಗಂಟೆ. ಪಕ್ಕದ ಗೋಡೆಯ ಪರಸಿಯಲ್ಲಿ ಅಲೆಗಳ ಗೆರೆ ಮೂಡಿತ್ತು, ಮರಳಿನ ಮೇಲೆ ನೀರು ಬಿಟ್ಟುಹೋಗುವ ಗೆರೆಗಳಂತೆ. ಯಾವ ಕಣ್ಣೂ ನೋಡದ ಆ ಸಮುದ್ರದ ಒಂದು ಬೆಳಗು ಹೇಗಿತ್ತೋ ಎಂದು ಯೋಚಿಸುತ್ತ ಕೂತವನಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಅಂಥ ಸುಖ ನನಗೆ ಆ ಮೇಲೆ ಹೆಚ್ಚು ಸಿಕ್ಕಿಲ್ಲ.

ಹೂಗಳು ಬಿದ್ದಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ಬಹಳ ಹೊತ್ತು ನೋಡಿಯೂ ನೋಡದವನಂತೆ ಇದ್ದೆ. ಗಾಳಿ ಇಲ್ಲದ ಆ ತಳದಲ್ಲಿ ಹೂಗಳೆಲ್ಲ ನಿಧಾನವಾಗಿ ಒಂದೇ ಕಡೆ ಸಾಗುತ್ತಿದ್ದವು. ಸಾಗಿ, ಒಂದು ಜಾಗದ ಸುತ್ತ ಅರಿಸಿನದ ಜೊತೆ ಮೆಲ್ಲಗೆ ತಿರುಗುತ್ತಿದ್ದವು. ಅದು ನಿನ್ನೆ ಕೊರೆದ ತೂತಿನ ಜಾಗ.

ಕೊಡ ಹಿಡಿದು ಇಳಿದ ಗೌರಮ್ಮ ನನ್ನ ಪಕ್ಕದಲ್ಲೇ ನಿಂತುಬಿಟ್ಟರು. ಆಕೆ ನೋಡಿದ್ದು ಹೂಗಳನ್ನಲ್ಲ, ನಾನು ಕೂತ ಮೆಟ್ಟಿಲನ್ನು.

"ಎಷ್ಟ ಎತ್ತಿ ಹಾಕಿದ್ರೂ ಮುಂಜಾನಿ ಅನ್ನೂದ್ರಾಗ ಈ ಮೆಟ್ಟಲ ಮುಳಗಿರ್ತಿತ್ತು. ಇವತ್ತ ಒಣಗ್ಯಾದ."

ಆಗ ನನಗೆ ಹೊಳೆಯಿತು. ಕರಿಕಲ್ಲಿನಲ್ಲಿ ಉಳಿ ಜಾರಿದರೆ ನೀರು ಸಿಕ್ಕಂತೆ. ಸುಣ್ಣದ ಕಲ್ಲಿನ ಗುಣ ಬೇರೆ. ಮಳೆನೀರು ಅದನ್ನು ಸಾವಿರಾರು ವರ್ಷ ನೆಕ್ಕಿ ನೆಕ್ಕಿ ಕರಗಿಸಿ ಒಳಗೆ ಪೊಳ್ಳು ಮಾಡುತ್ತದೆ. ಈ ಬಾವಿಯ ನೀರು ನಿಂತದ್ದು ತಳದ ಪರಸಿ ಮತ್ತು ಅದರಡಿಯ ಜೇಡಿಪದರದ ಮೇಲೆ. ಉಳಿ ಅವೆರಡನ್ನೂ ದಾಟಿ ಪೊಳ್ಳಿಗೆ ಇಳಿದಿತ್ತು. ಕೊಡದ ತಳಕ್ಕೆ ತೂತು ಬಿದ್ದಂತಾಗಿತ್ತು. ಇನ್ನು ಮದ್ದು ಹಾರಿಸಿದರೆ ತಳವೇ ಹೋಗುತ್ತಿತ್ತು.

ಮೇಲೆ ಬಂದು ಕೆಲಸ ನಿಲ್ಲಿಸಿರಿ ಎಂದೆ. ಮಲ್ಲಯ್ಯ ನಂಬಲಿಲ್ಲ, ಬೇಸಿಗೆಯಲ್ಲಿ ನೀರು ತಡವಾಗಿ ಕೂಡುತ್ತದೆ ಎಂದ. ಅದೂ ಸುಳ್ಳಲ್ಲ. ಪಾಟೀಲರಿಗೆ ಸಿಟ್ಟು ನೆತ್ತಿಗೇರಿತು. ವರ್ಷವಿಡೀ ಓಡಾಡಿದ್ದವರು ಅವರು; ಊರವರೆಲ್ಲ ಮದ್ದಿನ ಸದ್ದು ಕೇಳಲು ದೂರದಲ್ಲಿ ಕೂಡಿದ್ದರು.

"ನಾರಾಯಣಖೇಡದಾಗ ಆಳ ಹೋದಂಗೆಲ್ಲಾ ನೀರ ಬಂದಾವಂತ ನೀವ ಹೇಳಿದ್ರಿ. ನಮ್ಮೂರಿಗಷ್ಟ ಯಾಕ ಬ್ಯಾಡರಿ?"

ಹೂ ತಿರುಗಿದವು ಎಂದರೆ ನಗುತ್ತಾರೆ. ಮಾತಿನಲ್ಲಿ ಗೆಲ್ಲುವ ಬಾಯಿಯೂ ನನಗಿರಲಿಲ್ಲ. ಒಂದು ಉದ್ದನೆಯ ಕಬ್ಬಿಣದ ಹಾರೆ ತರಿಸಿ, ಪಾಟೀಲರನ್ನು ಕೆಳಗೆ ಕರೆದುಕೊಂಡು ಹೋದೆ. ಹಾರೆಯ ಮೊನೆಯನ್ನು ತೂತಿನ ಪಕ್ಕದ ಪರಸಿಗೆ ಊರಿ, ಮೇಲಿನ ತುದಿಗೆ ಮೊದಲು ನಾನು ಕಿವಿ ಇಟ್ಟೆ. ಆಮೇಲೆ ಅವರಿಗೆ ಕೊಟ್ಟೆ. ಅವರು ಒಲ್ಲದ ಮನಸ್ಸಿನಿಂದ ತಲೆಯ ಪಟಗ ಸರಿಸಿ ಕಿವಿ ಇಟ್ಟರು. ಮುಖದ ಬಿಗಿ ಸಡಿಲಾಯಿತು. ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬ ಹಾಗೆ ಸಣ್ಣ ದನಿಯಲ್ಲಿ ಹೇಳಿದರು.

"ಕೆಳಗ ಮಳಿ ಬರಾಕತ್ತದ."

ಅದು ಈ ಬಾವಿಯ ನೀರು, ಕತ್ತಲ ಪೊಳ್ಳಿನಲ್ಲಿ ಹನಿಹನಿಯಾಗಿ ಬೀಳುತ್ತಿತ್ತು. ಮಲ್ಲಯ್ಯನೂ ಕೇಳಿದ. ಮೇಲೆ ಹೋಗಿ, ಜಾಲಿಮರದ ಒಣಗಿ ಗಟ್ಟಿಯಾದ ಕೊಂಬೆಯೊಂದನ್ನು ಕಡಿದು ತಂದು ತಾನೇ ಗೂಟ ಕೆತ್ತಿದ. ಎಣ್ಣೆಯಲ್ಲಿ ಅದ್ದಿದ ಹತ್ತಿಬಟ್ಟೆ ಸುತ್ತಿ, ತೂತಿಗೆ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದ. ಒಣಮರ ನೀರು ಕುಡಿದು ಉಬ್ಬಿದರೆ ತೂತು ಮುಚ್ಚುತ್ತದೆ. ಮೇಲೆ ಕೆರೆಯ ಜೇಡಿಮಣ್ಣು ಮೆತ್ತಿದೆವು. ಇನ್ನು ಕಾಯುವುದು ಬಿಟ್ಟು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಊರವರು ಚದುರಿದರು. ನಾನು ನಿಜಕ್ಕೂ ಹೆದರಿದ್ದೆ. ಗೂಟ ನಿಲ್ಲದಿದ್ದರೆ ಈ ಊರು ಕಾಗಿಣಾ ನದಿಯ ಒರತೆಗೆ ನಡೆಯಬೇಕು. ಅಲ್ಲಿಗೆ ಹೋಗಿ ಬರುವುದರಲ್ಲಿ ಅರ್ಧ ದಿನ. ಗೌರಮ್ಮ ಮಾತ್ರ ಬೇವಿನ ನೆರಳಿನಲ್ಲಿ ಕೂತು ಮಜ್ಜಿಗೆ ಕೊಟ್ಟರು. ನನ್ನ ಮುಖ ನೋಡಲಾರದೆ ಏನಾದರೂ ಮಾತಾಡಿಸಬೇಕೆಂದೋ ಏನೋ, ಗೋಡೆಯ ಕಲ್ಲಿನ ಮೇಲಿನ ಗೆರೆ ಏನವು ಎಂದು ಕೇಳಿದರು. ಸಮುದ್ರದ ಕಥೆ ಹೇಳಿದೆ. ಇಲ್ಲೆಲ್ಲ ನೀರೇ ನೀರಿತ್ತು, ಆ ಗೆರೆಗಳು ಅದರ ಅಲೆಗಳದ್ದು ಎಂದೆ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

"ಹಂಗಾರ ನಮ್ಮೂರಿಗಿ ನೀರ ಹೊಸಾವ ಅಲ್ಲ," ಎಂದು ನಕ್ಕರು. ಅಷ್ಟು ಹೊತ್ತಿನಲ್ಲಿ ನಾನು ನಕ್ಕದ್ದು ಆಗಲೇ.

ಮರುದಿನ ನಸುಕಿನಲ್ಲಿ ನಾನು ಹೋಗುವಷ್ಟರಲ್ಲಿ ಪಾಟೀಲರು ಬಾವಿಯ ಮೇಲೆ ನಿಂತಿದ್ದರು. ಇಬ್ಬರೂ ಇಳಿದೆವು. ಬೇವಿನ ಹೂಗಳು ಗೋಡೆಯಿಂದ ಗೋಡೆಗೆ ಸಮನಾಗಿ ಹರಡಿಕೊಂಡು, ಎಲ್ಲೂ ಹೋಗದೆ ಸುಮ್ಮನೆ ತೇಲುತ್ತಿದ್ದವು. ಗೌರಮ್ಮನ ಮೆಟ್ಟಿಲು ಕಾಣಿಸಲಿಲ್ಲ. ಕೈ ಹಾಕಿ ನೋಡಿದೆ, ನೀರಿನೊಳಗೆ ಇತ್ತು. ಪಾಟೀಲರು ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡರು. ಅತ್ತರೋ ಏನೋ, ನನಗೆ ಗೊತ್ತಾಗಲಿಲ್ಲ. ನಾನಂತೂ ಅತ್ತೆ.

ಊರಿಗೆ ನೀರು ಸಾಲದು ಎಂಬುದು ಹಾಗೇ ಉಳಿದಿತ್ತಲ್ಲ. ಮೇಲಧಿಕಾರಿಗೆ ಎಲ್ಲವನ್ನೂ ತಿಳಿಸಿ, ಮದ್ದನ್ನು ವಾಪಸು ಕಳಿಸಿದೆ. ತಳ ಮುಟ್ಟದೆ, ಉಳಿಯಿಂದಲೇ ಗೋಡೆಯ ಪರಸಿ ಪದರಗಳ ನಡುವೆ ಅಡ್ಡಕ್ಕೆ ಕೊರೆದು, ಪಕ್ಕದ ಬಿರುಕುಗಳ ನೀರನ್ನು ಬಾವಿಗೆ ತಿರುಗಿಸಿದೆವು. ಮಲ್ಲಯ್ಯ ಗೊಣಗುತ್ತಲೇ ಚೊಕ್ಕವಾಗಿ ಮಾಡಿದ. ಕೆಲಸ ಮುಗಿಯುವಷ್ಟರಲ್ಲಿ ಮೃಗಶಿರಾ ಮಳೆ ಹತ್ತಿರ ಬಂದಿತ್ತು. ನೀರು ಉಕ್ಕಿ ಹರಿಯಿತು ಎಂದೇನೂ ಹೇಳಲಾರೆ. ಹೆಂಗಸರ ಸರದಿ ತುಸು ಚಿಕ್ಕದಾಯಿತು, ಅಷ್ಟೇ.

ಹೊರಡುವ ದಿನ ಗೌರಮ್ಮ ತಂಬಿಗೆಯಲ್ಲಿ ನೀರು ತಂದು ಕೊಟ್ಟರು. ಆ ಹೊತ್ತಿಗೆ ನಾನು ಸಾಹೇಬ ಹೋಗಿ ತಮ್ಮ ಆಗಿದ್ದೆ.

"ಆ ದಿನ ಕೆಳಗ ಬಿದ್ದ ನೀರ ಎತ್ತ ಹೋಗಿರಬೇಕು ತಮ್ಮಾ?"

ನನಗೆ ಗೊತ್ತಿಲ್ಲ ಅವ್ವಾ, ಕಲ್ಲಿನೊಳಗೇ ಹರಿದು ಎಲ್ಲಾದರೂ ಕಾಗಿಣಾದ ದಂಡೆಗೆ ಹೊರಬಂದಿರಬಹುದು ಎಂದೆ.

"ಹೋಗ್ಲಿ ಬಿಡು. ಅಲ್ಲೂ ಯಾರರ ಕೊಡ ಹಿಡ್ಕೊಂಡ ನಿಂತಿರ್ತಾರ."

ಒಂದು ಕಲ್ಲಿನಲ್ಲಿ ಕಲಿತದ್ದನ್ನು ಇನ್ನೊಂದು ಕಲ್ಲಿನ ಮೇಲೆ ಹೇರಬಾರದು ಎಂಬುದನ್ನು ಆ ಬಾವಿ ಕಲಿಸಿತು. ನಾರಾಯಣಖೇಡದಲ್ಲಿ ನಗಿಸಿದ ಗುರುತೇ ತಾಂಡೂರಿನಲ್ಲಿ ಅಳಿಸಬಹುದಿತ್ತು. ಆಮೇಲೆ ನೌಕರಿ ಮುಗಿಯುವವರೆಗೆ, ಪರಸಿಯ ಸೀಮೆಯಲ್ಲಿ ಎಲ್ಲೇ ಉಳಿ ಥಟ್ಟನೆ ಜಾರಿದರೂ ಎಲ್ಲರನ್ನೂ ಮೇಲೆ ಕಳಿಸಿ, ಒಬ್ಬನೇ ಹಾರೆಗೆ ಕಿವಿ ಇಟ್ಟು ನಿಲ್ಲುತ್ತಿದ್ದೆ. ಓವರ್‌ಸಿಯರ್ ಮತ್ತೆ ಕನಸು ಕಾಣುತ್ತಿದ್ದಾನೆ ಎಂದು ಮೇಲಿನವರು ನಗುತ್ತಿದ್ದರು. ಬಹಳ ಕಡೆ ಏನೂ ಕೇಳಿಸಲಿಲ್ಲ, ಕೆಲಸ ಮುಂದುವರಿಸಿದೆವು. ಎರಡು ಕಡೆ ಮಳೆ ಕೇಳಿಸಿತು. ಅಲ್ಲಿ ಮದ್ದಿನ ಚೀಲದ ಬಾಯಿ ಕಟ್ಟಿಸಿ, ಜಾಲಿಗೂಟ ಕೆತ್ತಲು ಹೇಳಿದೆ.