ಅಂಗೈ ಮೇಲಿನ ಒಂದು ತೊಟ್ಟು ಸಾರು

ನಮ್ಮಮ್ಮ ಅಡುಗೆ ಮಾಡುವಾಗ ಯಾವತ್ತೂ ರುಚಿ ನೋಡಿದವಳಲ್ಲ. ಮನೆಮಂದಿಗೆ ಬಡಿಸುವ ಮೊದಲೇ ಮಾಡಿದವಳ ಬಾಯಿಗೆ ಬೀಳಬಾರದು ಎನ್ನುವುದು ಅವಳ ತವರಿನಿಂದ ಬಂದ ಕಟ್ಟುಪಾಡು. ಅವಳಿಗೆ ಮೂಗೇ ಸಾಕಿತ್ತು. ಕುದಿಯುವ ಮಡಕೆಯ ಮೇಲೆ ಬಗ್ಗಿ ಆವಿಯನ್ನು ಒಂದು ಸಲ ಎಳೆದುಕೊಂಡರೆ ಬೇಳೆ ಎಷ್ಟು ಬೆಂದಿದೆ, ಸೊಪ್ಪಿನ ಹಸಿ ವಾಸನೆ ಹೋಯಿತಾ, ಎಲ್ಲಾ ಗೊತ್ತಾಗುತ್ತಿತ್ತು. ಉಪ್ಪು ಹಾಕುವುದು ಕಟ್ಟಕಡೆಗೆ. ಉಪ್ಪು ಬಿದ್ದ ಕೂಡಲೇ ಸಾರಿನ ವಾಸನೆಯೇ ತಿರುಗುತ್ತದೆ ಎಂದು ಅವಳ ವಾದ. ನನಗೆ ಆ ವ್ಯತ್ಯಾಸ ಇವತ್ತಿಗೂ ತಿಳಿದಿಲ್ಲ.

ಮೂಗು ಹೇಳಿದ್ದಕ್ಕೆ ಮತ್ತೊಂದು ಸಾಕ್ಷಿ ಬೇಕಲ್ಲ. ಆ ಸಾಕ್ಷಿ ನಾನು.

"ಲೇ, ಬಾರೇ ಇಲ್ಲಿ. ಕೈ ಹಿಡಿ."

ಓದುತ್ತಾ ಕೂತವಳು ಎದ್ದು ಹೋಗಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಚಾಚುತ್ತಿದ್ದೆ. ಅಮ್ಮ ಸೌಟನ್ನು ಸಾರಿಗೆ ಅದ್ದಿ, ಬಾಯಿಂದ ಊದಿ ಆರಿಸಿ, ಅಂಗೈಯ ಗುಳಿಗೆ ಒಂದು ತೊಟ್ಟು ಬಿಡುತ್ತಿದ್ದಳು. ಎಷ್ಟು ಊದಿದರೂ ಚುರ್ ಎನ್ನುತ್ತಿತ್ತು. ಅವಳ ತವರು ಆಂಧ್ರದ ಗಡಿಗೆ ಅಂಟಿಕೊಂಡ ಊರು. ಮದುವೆಯಾಗಿ ಮುಳಬಾಗಿಲು ಕಡೆಗೆ ಬಂದ ಮೇಲೆ ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದರೂ ಈ ಒಂದು ಪ್ರಶ್ನೆ ಮಾತ್ರ ಅವಳ ಬಾಯಲ್ಲಿ ತೆಲುಗಿನಲ್ಲೇ ಉಳಿದುಬಿಟ್ಟಿತ್ತು.

"ಉಪ್ಪು ಸರಿಪೋಯಿಂದಾ ಚೂಡು." ಉಪ್ಪು ಸರಿಹೋಯಿತಾ ನೋಡು.

ನಾನು ಅಂಗೈ ನೆಕ್ಕಿ, ಕಣ್ಣು ಮುಚ್ಚಿ, ದೊಡ್ಡ ಮನುಷ್ಯಳ ಹಾಗೆ ತೀರ್ಪು ಕೊಡುತ್ತಿದ್ದೆ. ಸಾಲದು ಎಂದರೆ ಇನ್ನೊಂದು ಚಿಟಿಕೆ, ಸಾಕು ಎಂದರೆ ಮಡಕೆ ಕೆಳಗೆ. ನಾನು ಬರೆದ ಮೊದಲ ಪರೀಕ್ಷೆ ಅದೇ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ಆದರೆ ಅದಕ್ಕೂ ಮುಂಚೆ ನನ್ನ ಮಾತಿಗೆ ಬೆಲೆ ಕೊಟ್ಟ ಜಾಗ ಎಂದರೆ ಅಮ್ಮನ ಒಲೆಯ ಮುಂದಿನ ಆ ಎರಡಡಿ ನೆಲ. ಅಪ್ಪ ಹಸಿದು ಬಂದು ಕೂತಿದ್ದರೂ ನಾನು ಸಾಕು ಎನ್ನುವ ತನಕ ಸಾರು ಇಳಿಯುತ್ತಿರಲಿಲ್ಲ.

"ಏನಮ್ಮಾ ಜಡ್ಜಮ್ಮಾ, ಹೇಳೇ ಬೇಗ, ಮುದ್ದೆ ಆರೋಗ್ತೈತೆ," ಎಂದು ಅಪ್ಪ ರೇಗಿಸುತ್ತಿದ್ದರು.

ಆ ಕಾಲದ ನಮ್ಮ ಊಟ ಎಂದರೆ ಹೊಲ ಏನು ಕೊಟ್ಟರೆ ಅದು. ಅಮ್ಮ ಟೊಮೆಟೊ ಕೀಳಲು ಹೋದ ದಿನ ಸೆರಗಿನಲ್ಲಿ ಬಿರುಕು ಬಿಟ್ಟ ಹಣ್ಣು ಬರುತ್ತಿದ್ದವು. ಮಂಡಿಗೆ ಹೋಗಲಾರದ ಹಣ್ಣು. ಅರ್ಧ ಗೊಜ್ಜಿಗೆ, ಅರ್ಧ ನಮ್ಮ ಬಾಯಿಗೆ. ಕಚ್ಚಿದ ಜಾಗಕ್ಕೆ ಉಪ್ಪು ಉದುರಿಸಿಕೊಂಡು, ರಸ ಮೊಣಕೈವರೆಗೆ ಇಳಿಸಿಕೊಂಡು ತಿನ್ನುತ್ತಿದ್ದೆವು. ಎಳೆ ಸೌತೆಕಾಯಿ ಸಿಕ್ಕರೆ ತುದಿ ಕೊಯ್ದು, ಅದೇ ತುದಿಯಿಂದ ನೊರೆ ಬರುವ ಹಾಗೆ ಉಜ್ಜಿ ಕಹಿ ತೆಗೆಯುವುದು ನನ್ನ ಕೆಲಸ. ಹುಣಸೆ ಚಿಗುರನ್ನು ಕಿತ್ತು ಅಲ್ಲೇ ಮರದ ಕೆಳಗೆ ಮೇಯುತ್ತಿದ್ದೆವು, ಮಿಕ್ಕಿದ್ದು ಬೇಳೆಗೆ.

ಬೇಸಿಗೆಯಲ್ಲಿ ಶ್ರೀನಿವಾಸಪುರದ ಕಡೆ ಇದ್ದ ದೊಡ್ಡಮ್ಮನ ಮನೆಯಿಂದ ಗಾಳಿಗೆ ಉದುರಿದ ಮಾವಿನಕಾಯಿಯ ಚೀಲ ಬರುತ್ತಿತ್ತು. ಹೋಳು ಮಾಡಿ, ಉಪ್ಪು ಖಾರ ಬೆರೆಸಿ, ಹೊಸ್ತಿಲ ಮೇಲೆ ಕೂತು ತಿಂದದ್ದೇ ತಿಂದದ್ದು. ಸಂಜೆ ಹೊತ್ತಿಗೆ ಹಲ್ಲು ಜುಮ್ಮೆಂದು ಏನನ್ನೂ ಕಚ್ಚಲಾಗದೆ ನಾನು ಅಳುಮೋರೆ ಮಾಡಿದರೆ ಅಮ್ಮ ನಗುತ್ತಿದ್ದಳು.

"ಹಲ್ಲು ಹೋದ್ರೆ ಹೋಯ್ತು ಬಿಡು. ಮುದ್ದೆ ನುಂಗೋಕೆ ಹಲ್ಲ್ಯಾಕೆ ಬೇಕೇ?"

ಆ ಮುದ್ದೆಯ ಜೊತೆಗೆ ಅವಳು ಮಾಡುತ್ತಿದ್ದ ಸಾರು, ಬೆರಕೆ ಸೊಪ್ಪಿನ ಮಸ್ಸೊಪ್ಪು. ಬೆರಕೆ ಸೊಪ್ಪು ಎಂದರೆ ಬಿತ್ತದೆ ಬೆಳೆದದ್ದು. ಕೀರೆ, ಗೋಣಿ, ಹೊನಗೊನ್ನೆ, ಅಣ್ಣೆ, ಕೈಗೆ ಸಿಕ್ಕ ಹಾಗೆ ಬದುವಿನಿಂದ ಕಿತ್ತು ತಂದದ್ದು. ಬೇಳೆ, ಹಸಿಮೆಣಸಿನಕಾಯಿಯ ಜೊತೆ ಬೇಯಿಸಿ, ಮರದ ಕೋಲಿನಿಂದ ಮಸೆದು, ಬೆಳ್ಳುಳ್ಳಿ ಒಗ್ಗರಣೆ. ವರ್ಷವೆಲ್ಲಾ ಹುಳಿಗೆ ಹುಣಸೆಹಣ್ಣು. ದೊಡ್ಡಮ್ಮನ ಚೀಲ ಬಂದ ವಾರ ಮಾತ್ರ ಮಾವಿನಕಾಯಿ. ಆ ಸಾರಿನ ತೊಟ್ಟು ಅಂಗೈ ಮೇಲೆ ಬಿದ್ದಾಗ ನಾನು ಬೇಕಂತಲೇ "ಗೊತ್ತಾಗ್ಲಿಲ್ಲಮ್ಮ" ಎನ್ನುತ್ತಿದ್ದೆ. ಇನ್ನೊಂದು ತೊಟ್ಟು ಸಿಗಲಿ ಎಂದು.

ಕೋಲಾರದ ಹಾಸ್ಟೆಲ್ಲಿಗೆ ಸೇರಿದಾಗ ನನ್ನ ಕೈಗೆ ಆ ಕೆಲಸ ತಪ್ಪಿತು. ಹಾಸ್ಟೆಲ್ಲಿನ ಸಾರಿಗೆ ಉಪ್ಪಿರುತ್ತಿತ್ತು, ಖಾರವಿರುತ್ತಿತ್ತು, ಯಾರೂ ಯಾರನ್ನೂ ಕೇಳಿ ಹಾಕಿದ್ದಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಒಮ್ಮೊಮ್ಮೆ ಅಂಗೈ ನೋಡಿಕೊಳ್ಳುತ್ತಿದ್ದೆ. ಆಮೇಲೆ ಡಿಗ್ರಿ, ಬಿ.ಎಡ್., ಹೈಸ್ಕೂಲಿನಲ್ಲಿ ಕೆಲಸ, ಮದುವೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕೋಲಾರದ ನಮ್ಮ ಮನೆಗೇ ಬಂದಳು. ಬರುವಾಗ ಮಸೆಯುವ ಕೋಲನ್ನು ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದಳು. ಗ್ಯಾಸ್ ಒಲೆಗೆ ಬೈದುಕೊಂಡೇ ಒಗ್ಗಿದಳು. ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಒಳಗಿಂದ ಕೂಗು ಬರುತ್ತಿತ್ತು: "ಬಂದ್ಯಾ? ಕೈ ತೊಳ್ಕೊಂಡು ಹಿಡಿ." ಮಕ್ಕಳಿಗೆ ಪಾಠ ಹೇಳಿ ಬಂದ ಮೇಡಂ ಅಡುಗೆಮನೆಯಲ್ಲಿ ಅಂಗೈ ಚಾಚಿ ನಿಲ್ಲುತ್ತಿದ್ದೆ.

ಕೊರೊನಾ ಬಂದಾಗ ಎಲ್ಲರ ಹಾಗೆ ನಮಗೂ ಜ್ವರ ಬಂತು, ಹೋಯಿತು. ಅಮ್ಮನಿಗೆ ಜ್ವರ ಹೋಯಿತು, ವಾಸನೆ ವಾಪಸು ಬರಲಿಲ್ಲ. ಮಲ್ಲಿಗೆಯೂ ಅಷ್ಟೇ, ಸೀಮೆಎಣ್ಣೆಯೂ ಅಷ್ಟೇ. ಉಪ್ಪು, ಸಿಹಿ ಕೂಡ ನಾಲಿಗೆಗೆ ಮಂಕಾದವು. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡ, ಕಾಯಬೇಕು ಎಂದರು ಡಾಕ್ಟರು. ಅಮ್ಮ ಕಾಯಲಿಲ್ಲ, ಅಡುಗೆ ಮಾಡುತ್ತಲೇ ಇದ್ದಳು, ನನ್ನ ಅಂಗೈಯನ್ನು ನಂಬಿಕೊಂಡು.

ನಾನು ಶಾಲೆಯ ಕೆಲಸದ ಮೇಲೆ ಹೊರಗಿದ್ದ ಒಂದು ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಮನೆಗೆ ಬಂದಿದ್ದರು. ಅಂಗೈ ಚಾಚುವವರಿಲ್ಲ. ಅಮ್ಮ ಬದನೆಕಾಯಿ ಹುಳಿಗೆ ಉಪ್ಪು ಹಾಕಿದಳು; ಆವಿ ಎಳೆದುಕೊಂಡರೆ ಏನೂ ತಿಳಿಯಲಿಲ್ಲ; ಹಾಕಿಲ್ಲವೇನೋ ಎಂದು ಮತ್ತೆ ಹಾಕಿದಳು. ಅಳಿಯ ಅತ್ತೆಯ ಅಡುಗೆಗೆ ಹೆಸರಿಡುತ್ತಾರೆಯೇ? ತುಟಿ ಎರಡು ಮಾಡದೆ ಉಂಡು ಎದ್ದರು. ಆದರೆ ಚೊಂಬಿನ ನೀರು ಖಾಲಿಯಾದದ್ದನ್ನು ಅಮ್ಮ ನೋಡಿದಳು.

"ಅಳೀಮಯ್ಯನಿಗೆ ಉಪ್ನೀರು ಕುಡಿಸ್ದೆ ಕಣೇ," ಎಂದಳು ನಾನು ಬಂದಾಗ. "ಇನ್ನು ನಾನು ಒಲೆ ಮುಟ್ಟಲ್ಲ."

ಹಟವಲ್ಲ ಅದು, ನಾಚಿಕೆ. ಅವರೆಕಾಯಿ ಸುಲಿಯುತ್ತಿದ್ದಳು, ಬೇಳೆ ಹಿಸುಕುತ್ತಿದ್ದಳು, ನುಗ್ಗೆಸೊಪ್ಪು ಬಿಡಿಸುತ್ತಿದ್ದಳು, ಎಲ್ಲವನ್ನೂ ನಡುಮನೆಯಲ್ಲಿ ಕೂತು. ಅಡುಗೆಮನೆಯ ಬಾಗಿಲಿಗೆ ಬಂದು ಬುಟ್ಟಿ ಇಟ್ಟು ಹಿಂದಿರುಗುತ್ತಿದ್ದಳು. ನಾನು ಬೆಳಗ್ಗೆ ಓಡಾಡುತ್ತಾ ಕುಕ್ಕರ್ ಕೂಗಿಸಿ ಮಾಡಿದ್ದನ್ನು ಮಾತಿಲ್ಲದೆ ಉಣ್ಣುತ್ತಿದ್ದಳು. ನೀನೇ ಮಾಡಮ್ಮ ಎಂದು ಎಷ್ಟು ಸಲ ಕರೆದೆನೋ. "ಕಣ್ಣು ಕಟ್ಕೊಂಡು ಬಾವಿಕಟ್ಟೆ ಮೇಲೆ ನಡಿ ಅಂತೀಯಾ?" ಎಂದು ಕೇಳುತ್ತಿದ್ದಳು. ಮಸೆಯುವ ಕೋಲು ಗೋಡೆಯ ಮೊಳೆಗೆ ನೇತುಬಿದ್ದು ಒಣಗಿತು. ನನ್ನ ಕೈಯ ಮಸ್ಸೊಪ್ಪು ಮಸ್ಸೊಪ್ಪಿನ ಹಾಗೆಯೇ ಇರುತ್ತಿತ್ತು, ಅಮ್ಮನದಾಗಿರುತ್ತಿರಲಿಲ್ಲ. ನಾನೇ ಮಾಡಿ, ನಾನೇ ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದೂ ಉಂಟು. ಊದುವವರಿಲ್ಲದೆ ಸುಡುತ್ತಿತ್ತು, ಅಷ್ಟೇ.

ಈ ವರ್ಷ ಯುಗಾದಿ ಕಳೆದ ಮೇಲೆ ಜೋರು ಗಾಳಿ ಎದ್ದು ಒಂದೆರಡು ಮಳೆಯೂ ಆಯಿತು. ಶ್ರೀನಿವಾಸಪುರದ ಕಡೆಯಿಂದ ನಮ್ಮ ಶಾಲೆಗೆ ಬರುವ ಮೇಷ್ಟರು ಒಬ್ಬರು ತಮ್ಮ ತೋಟದಲ್ಲಿ ಉದುರಿದ ಕಾಯಿಗಳನ್ನು ಚೀಲದಲ್ಲಿ ತಂದುಕೊಟ್ಟರು. ಶನಿವಾರ ಮಧ್ಯಾಹ್ನ ಅದನ್ನು ನಡುಮನೆಯಲ್ಲಿ ಸುರಿದೆ. ಅಮ್ಮ ಒಂದು ಕಾಯಿ ತೆಗೆದುಕೊಂಡು ಅಭ್ಯಾಸಬಲದಿಂದ ತೊಟ್ಟನ್ನು ಮೂಗಿಗೆ ಹಿಡಿದಳು. ತಕ್ಷಣ ಕೆಳಗಿಟ್ಟಳು. ನಾನು ಅದನ್ನು ನೋಡದವಳ ಹಾಗೆ ಚಾಕು ತರಲು ಹೋದೆ.

ಉಪ್ಪು ಖಾರ ಬೆರೆಸಿದ ಹೋಳು ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಬಾಯಿಗೆ ಹಾಕಿಕೊಂಡವಳ ಮುಖ ಕಿವುಚಿತು, ಒಂದು ಕಣ್ಣು ಮುಚ್ಚಿತು.

"ಹುಳಿ," ಎಂದಳು. ಇನ್ನೊಂದು ಹೋಳು ತೆಗೆದುಕೊಂಡಳು. "ಲೇ, ಹುಳಿ ಗೊತ್ತಾಗ್ತೈತೆ ಕಣೇ!"

ನಾನು ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದೆ. ಮಾತಾಡಿದರೆ ಎಲ್ಲಿ ಕೈಬಿಟ್ಟುಹೋಗುತ್ತದೋ ಎನ್ನುವ ಭಯ. ಅವಳು ಒಂದೊಂದೇ ಹೋಳು ತಿಂದಳು. ಹಲ್ಲನ್ನು ನಾಲಿಗೆಯಿಂದ ಸವರಿ ನೋಡಿಕೊಂಡಳು. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

ನಮ್ಮ ಮನೆಯ ಹಿಂದೆ ಯಾರದೋ ಖಾಲಿ ಸೈಟು ಇದೆ. ಮಳೆ ಬಿದ್ದು ಗಿಡಗಂಟಿ ಎದ್ದಿತ್ತು. ಕಿಟಕಿಯಿಂದ ನೋಡಿದರೆ ಅಮ್ಮ ಬಗ್ಗಿ ಸೊಪ್ಪು ಕೀಳುತ್ತಿದ್ದಾಳೆ, ಸೆರಗು ತುಂಬುತ್ತಿದೆ. ಪಕ್ಕದ ಮನೆಯ ಆಪಾ ಕಾಂಪೌಂಡಿನ ಆಚೆಯಿಂದ ಬಗ್ಗಿ ನೋಡಿದರು. ಅವರ ಮನೆಯವರು ಹಾಸಿಗೆ ಹೊಲಿಯುವ ಕೆಲಸದವರು. ಆಪಾಗೂ ನಮ್ಮಮ್ಮನಿಗೂ ದಿನಕ್ಕೊಂದು ತಮಾಷೆ ಇರಲೇಬೇಕು.

"ಏನಮ್ಮಾ, ಬಕ್ರಿ ಸಾಕಿದ್ರಾ? ಸೊಪ್ಪು ಕೀಳ್ತಾ ಇದೀರಿ?"

"ಹೂಂನಮ್ಮಾ. ನಮ್ಮನೇಲಿ ಒಂದು ಮೇಕೆ ಐತಲ್ಲ, ಚಪ್ಪಲಿ ಹಾಕ್ಕೊಂಡು ಸ್ಕೂಲ್‌ಗೆ ಹೋಗ್ತದೆ."

"ಹಾಯ್ ಅಲ್ಲಾ! ಮೇಡಂಗೆ ಮೇಕೆ ಅಂತಾರೆ!"

"ನಿಂಗೂ ಒಂದು ಬಟ್ಲು ಕಳಿಸ್ತೀನಿ ಬಿಡು, ನೀನೂ ಮೇಯುವಂತೆ."

ಕಳಿಸ್ತೀನಿ ಎಂದಳು. ನಾನು ಕಿಟಕಿಯ ಸರಳು ಹಿಡಿದುಕೊಂಡು ಆ ಮಾತನ್ನೇ ಕೇಳಿಸಿಕೊಂಡೆ.

ಸೊಪ್ಪನ್ನು ನಡುಮನೆಯಲ್ಲಿ ಬಿಡಿಸಿದಳು. ತೊಳೆದಳು. ಬುಟ್ಟಿ ಎತ್ತಿಕೊಂಡು ಅಡುಗೆಮನೆಯ ಬಾಗಿಲವರೆಗೆ ಬಂದು ನಿಂತಳು. ಅಲ್ಲೇ ಇಟ್ಟು ಹೋಗಿಬಿಡುತ್ತಾಳೆ ಎಂದುಕೊಂಡೆ. ನಾನು ಕೈಯೊಡ್ಡಲಿಲ್ಲ, ಬೇಳೆ ಆರಿಸುವವಳ ಹಾಗೆ ತಲೆ ತಗ್ಗಿಸಿದೆ.

"ಜರುಗೇ ಅತ್ಲಾಗೆ," ಎಂದಳು.

ನಾನು ಜರುಗಿದೆ. ಬೇಳೆ, ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಸಿಪ್ಪೆ ಹೆರೆದ ಮಾವಿನಕಾಯಿ. ಕುಕ್ಕರ್ ಬೇಡ ಎಂದಳು, ಪಾತ್ರೆಯಲ್ಲೇ ಬೇಯಿಸಿದಳು. ಕೋಲನ್ನು ಮೊಳೆಯಿಂದ ಇಳಿಸಿ ತೊಳೆದು ಮಸೆದಳು; ಗಸಗಸ ಎನ್ನುವ ಆ ಸದ್ದು ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ಒಗ್ಗರಣೆ ಚಟಪಟ ಎಂದಿತು. ಪಾತ್ರೆಯ ಮೇಲೆ ಬಗ್ಗಿದಳು, ಆವಿ ಎಳೆದುಕೊಂಡಳು. ಹಾಗೆಯೇ ನಿಂತಳು. ವಾಸನೆಗೆ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತು. ಅದು ಬರಲಿಲ್ಲ.

"ವಾಸನೆ ಹೆಂಗೈತೆ?" ಎಂದಳು, ನನ್ನ ಕಡೆ ತಿರುಗದೆ.

"ಊರಲ್ಲಿ ಮಾಡ್ತಿದ್ಯಲ್ಲ, ಹಂಗೇ ಐತೆ."

"ಸುಳ್ಳು. ಮಡಕೆ ಇಲ್ಲ, ಸೌದೆ ಇಲ್ಲ, ಅದೆಂಗೆ ಹಂಗೇ ಇರ್ತೈತೆ?"

"ಹೊಗೆ ಒಂದಿಲ್ಲ. ಬೆಳ್ಳುಳ್ಳಿ ಮುಂದಕ್ಕೆ ಬರ್ತೈತೆ, ಹಿಂದಿಂದ ಮಾವಿನಕಾಯಿ. ಸೊಪ್ಪಿನ ಹಸಿ ವಾಸನೆ ಹೋಗೈತೆ."

ನಾನು ಹೇಳಿದ್ದನ್ನು ಅವಳು ಮನಸ್ಸಿನಲ್ಲೇ ಮೂಸಿ ನೋಡುವವಳ ಹಾಗೆ ಕಣ್ಣು ಮುಚ್ಚಿದಳು. ಆಮೇಲೆ ಸೌಟು ಅದ್ದಿದಳು. ಫೂ ಫೂ ಎಂದು ಊದಿದಳು.

"ಕೈ ಹಿಡಿ."

ಚಾಕ್‌ಪೀಸಿನ ಧೂಳಿಗೆ ಒರಟಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದೆ. ತೊಟ್ಟು ಬಿತ್ತು. ಚುರ್ ಎಂದಿತು.

"ಉಪ್ಪು ಸರಿಪೋಯಿಂದಾ ಚೂಡು."

ನೆಕ್ಕಿದೆ. ಉಪ್ಪೇ ಇರಲಿಲ್ಲ. ವಾಸನೆಗೆ ಕಾಯುತ್ತಾ ಕಾಯುತ್ತಾ ಹಾಕುವುದನ್ನೇ ಮರೆತಿದ್ದಳು. ಹೇಳಿದರೆ ಸೌಟು ಕೆಳಗಿಟ್ಟು ಹೊರಟುಬಿಡುತ್ತಾಳೇನೋ. ಹೇಳದಿದ್ದರೆ ಈ ಅಂಗೈಯನ್ನು ಇನ್ನು ಯಾವತ್ತೂ ನಂಬಲಾರಳು.

"ಉಪ್ಪೇ ಹಾಕಿಲ್ಲ ನೀನು."

ಅಮ್ಮ ಪಾತ್ರೆಯನ್ನು ನೋಡಿದಳು, ಉಪ್ಪಿನ ಜಾಡಿಯನ್ನು ನೋಡಿದಳು. ಮುಚ್ಚಳ ಮುಚ್ಚಿದಂತೆಯೇ ಇತ್ತು. ಅವಳ ಹೊಟ್ಟೆ ಕುಲುಕಿದಾಗ ಅಳುತ್ತಿದ್ದಾಳೆ ಎಂದುಕೊಂಡೆ; ನಗುತ್ತಿದ್ದಳು.

"ಹೋದ್ಸಲ ಎರಡು ಸಲ ಹಾಕಿದ್ದೆನಲ್ಲ, ಅದು ಇದಕ್ಕೆ ವಜಾ."

ಉಪ್ಪು ಹಾಕಿ, ತಿರುವಿ, ಮತ್ತೆ ಊದಿ, ಮತ್ತೆ ಕೈಗೆ ಬಿಟ್ಟಳು. ಸಾಲದು ಎಂದೆ. ಇನ್ನೊಂದು ಚಿಟಿಕೆ, ಇನ್ನೊಂದು ತೊಟ್ಟು. ಈ ಸಲ ಹುಳಿ, ಖಾರ, ಉಪ್ಪು ಮೂರೂ ಕೂಡಿ ನಾಲಿಗೆಯ ಮೇಲೆ ಕೂತವು. ಹೊಸ್ತಿಲು, ಹೊಗೆ ಹಿಡಿದ ಗೋಡೆ, ಮುದ್ದೆ ಆರುತ್ತದೆ ಎಂದು ರೇಗಿಸುವ ಅಪ್ಪ, ಎಲ್ಲಾ ಒಟ್ಟಿಗೆ ಬಂದಂತಾಯಿತು. ಸಾಕು ಎಂದರೆ ಮುಗಿಯಿತು. ಒಲೆ ಆರುತ್ತದೆ, ಸಾರು ಇಳಿಯುತ್ತದೆ.

"ಗೊತ್ತಾಗ್ಲಿಲ್ಲಮ್ಮ," ಎಂದು ಅಂಗೈಯನ್ನು ಮತ್ತೆ ಮುಂದೆ ಹಿಡಿದೆ.

ಅಮ್ಮ ನನ್ನ ಮುಖ ನೋಡಿದಳು. "ನಿನ್ನ ನಾಲ್ಗೇನೂ ಹೋಯ್ತೇನೇ, ಕಳ್ಳೀ?" ಎಂದು ಸೌಟನ್ನು ಅದ್ದಿದಳು.